ಅಂಗಡಿಯ ಎಳನೀರು

ಹಿರಿಯೂರಿನ ನಮ್ಮ ತವರುಮನೆಗೆ ಯಾರೇ ಬರಲಿ, ಮೊದಲು ಎಳನೀರು, ಆಮೇಲೆ ಮಾತು. ಇದು ನಮ್ಮ ತಾತನ ಕಾಲದಿಂದ ನಡೆದುಬಂದ ಕ್ರಮ. ಬೀಗರು ಬರಲಿ, ಬಳೆಗಾರ ಬರಲಿ, ಪಡಸಾಲೆಯಲ್ಲಿ ಕೂತ ಎರಡು ನಿಮಿಷಕ್ಕೆ ಕೆತ್ತಿದ ಎಳನೀರು ಕೈಗೆ ಬಂದಿರುತ್ತಿತ್ತು. ಕುಡಿದವರು ಬಾಯಿ ಒರೆಸಿಕೊಂಡು, "ಸಕ್ಕರೆ ಹಾಕಿದಂಗೈತೆ" ಅನ್ನಬೇಕು. ಅಪ್ಪ ಮೀಸೆ ತಿರುವಿಕೊಂಡು, "ಮಾರಿಕಣಿವೆ ನೀರಿನ ಗುಣ ಕಣ್ರೀ ಅದು" ಅನ್ನಬೇಕು. ಹೀಗೆ ಹೇಳದೆ ಎದ್ದುಹೋದ ನೆಂಟರನ್ನು ನಾನು ಕಂಡಿಲ್ಲ.

ಹಿರಿಯೂರು ಎಂದರೆ ಬೆಂಗಳೂರು–ಪುಣೆ ಹೆದ್ದಾರಿಯ ಬಸ್ಸಿನಲ್ಲಿ ಹಾಯುವವರಿಗೆ ಬರೀ ಬಿಸಿಲು, ಧೂಳು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ನಮ್ಮ ಕಡೆ ಅದೇ ಸುಭಿಕ್ಷ. ಅಂಥ ಸೀಮೆಯಲ್ಲಿ ತೆಂಗು ಬೆಳೆದದ್ದು ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರದ ದಯೆಯಿಂದ. ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು ಅದು. ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಅದಕ್ಕೆ ಇಟ್ಟರು. ನಾವು ಮಾತ್ರ ಮಾರಿಕಣಿವೆ ಎಂದೇ ಕರೆಯುತ್ತೇವೆ. ಆ ನಾಲೆಯ ನೀರನ್ನು ನಂಬಿ ತಾತ ನೂರೆಂಬತ್ತು ತೆಂಗಿನ ಸಸಿ ನೆಟ್ಟಿದ್ದರು. ಅಪ್ಪ ಅವುಗಳ ನೆರಳಲ್ಲೇ ಬೆಳೆದವರು.

ಅಪ್ಪನಿಗೆ ತೋಟ ಹೇಗೋ, ಅಮ್ಮನಿಗೆ ಕಾದಂಬರಿ ಹಾಗೆ. ಪೇಟೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ ಎಂದು ಒಂದಾದ ಮೇಲೊಂದು ತರಿಸಿ ಓದುತ್ತಿದ್ದಳು. ಒಲೆಯ ಮುಂದೆ ಸಾರು ಕುದಿಯುವಷ್ಟು ಹೊತ್ತಿನಲ್ಲಿ ನಾಲ್ಕು ಪುಟ. ಅನ್ನ ಬಾಗುವಷ್ಟರಲ್ಲಿ ಇನ್ನೆರಡು. ಪುಟ ಗುರುತಿಗೆ ಇಟ್ಟ ಕರಿಬೇವಿನ ಎಲೆ ಪುಸ್ತಕದ ಜೊತೆಗೇ ಅಂಗಡಿಗೆ ವಾಪಸು ಹೋಗುತ್ತಿತ್ತು. ಅಪ್ಪ ರೇಗಿಸುತ್ತಿದ್ದರು: "ಯಾರದೋ ಸುಳ್ಳು ಸಂಸಾರದ ಕಥೆ ಓದ್ಕೊಂಡು ಕಣ್ಣೀರು ಹಾಕ್ತಾಳೆ ನೋಡು. ನಿಜವಾದ ಲೋಕ ಏನೂಂತ ಇವಳಿಗೆ ಗೊತ್ತಿಲ್ಲ." ನಮ್ಮ ಲೇಖಕಿಯರು ಬರೆದದ್ದನ್ನೆಲ್ಲ 'ಅಡುಗೆಮನೆ ಸಾಹಿತ್ಯ' ಎಂದು ತಿಳಿದವರೇ ಹಂಗಿಸುತ್ತಿದ್ದ ಕಾಲ ಅದು. ಪಾಪ, ಅಪ್ಪನನ್ನು ಹೇಳಿ ಏನು ಪ್ರಯೋಜನ!

'ಶರಪಂಜರ' ಚಿತ್ರ ಬಿಡುಗಡೆಯಾದದ್ದು 1971ರಲ್ಲಿ. ನಮ್ಮೂರಿಗೆ ಅದು ಎರಡನೆಯ ಸಲವೋ ಮೂರನೆಯ ಸಲವೋ ಬಂದಾಗ ನಾನು ಐದನೆಯ ತರಗತಿಯಲ್ಲಿದ್ದೆ. ಪಕ್ಕದ ಮನೆಯ ಇಬ್ಬರು ಹೆಂಗಸರ ಜೊತೆ ಅಮ್ಮ ಹೊರಟಾಗ ನಾನೂ ಸೆರಗು ಹಿಡಿದು ಹೋದೆ. ಕಲ್ಪನಾ ಮಾಡಿದ ಕಾವೇರಿಯ ಪಾತ್ರವನ್ನು ನೀವೂ ನೋಡಿರುತ್ತೀರಿ. ಎರಡನೆಯ ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಹೋಗಿ, ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗುಣವಾಗಿದ್ದಾಳೆ ಎಂದು ಒಪ್ಪಿಕೊಳ್ಳಲು ಆ ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸುಮ್ಮನಿದ್ದರೂ ಹುಚ್ಚು. ಗಂಡ ಬೇರೆ ಹೆಣ್ಣಿನ ಸಹವಾಸದಲ್ಲಿದ್ದಾನೆ. ಕೊನೆಗೆ ಅವಳು ನಿಜವಾಗಿಯೂ ಮತ್ತೆ ಕಾಯಿಲೆ ಬೀಳುತ್ತಾಳೆ.

ಚಿತ್ರ ಮುಗಿದು ಕತ್ತಲಲ್ಲಿ ಮನೆಗೆ ನಡೆದು ಬರುವಾಗ ಪಕ್ಕದ ಮನೆಯಾಕೆ ಮೂಗೊರೆಸಿಕೊಳ್ಳುತ್ತಾ, "ಪಾಪ, ಚಂದದ ಹೆಂಗಸಿಗೆ ಹುಚ್ಚು ಹಿಡಿದುಬಿಡ್ತಲ್ಲ" ಅಂದರು. ಅಮ್ಮ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ಹೇಳಿದಳು: "ಹುಚ್ಚು ಅವಳಿಗಲ್ಲ ಕಣ್ರೀ, ಆ ಮನೆಗೆ."

ನನಗೆ ಆಗ ಅರ್ಥವಾಗಲಿಲ್ಲ. ಮನೆಗೆ ಹೇಗೆ ಹುಚ್ಚು ಹಿಡಿಯುತ್ತದೆ? ನಲವತ್ತು ವರ್ಷ ಕಳೆದ ಮೇಲೆ, ನಮ್ಮದೇ ಮನೆಯ ಪಡಸಾಲೆಯಲ್ಲಿ ಕೂತು ಎಳನೀರು ಕುಡಿಯುವಾಗ ಅದು ಗೊತ್ತಾಯಿತು.

ಮದುವೆಯಾಗಿ ದಾವಣಗೆರೆ ಸೇರಿದ ನಾನು ಊರಿಗೆ ಹೋಗುತ್ತಿದ್ದುದು ವರ್ಷಕ್ಕೆ ಮೂರೋ ನಾಲ್ಕೋ ಸಲ. 2011ರಿಂದ ಈಚೆಗೆ ಹೋದಾಗಲೆಲ್ಲ ತೋಟ ಸೊರಗುತ್ತಾ ಇತ್ತು. ಮಳೆ ಕೈಕೊಟ್ಟಿತು, ಮಾರಿಕಣಿವೆಯ ನೀರು ಇಳಿಯಿತು, ನಾಲೆಗೆ ಬಿಡುವ ನೀರು ನಿಂತಿತು. ಮೊದಲು ಗರಿ ಜೋತುಬಿದ್ದವು, ಆಮೇಲೆ ಹೀಚು ಉದುರಿದವು. ಸುಳಿ ಒಣಗಿದ ತೆಂಗನ್ನು ನೋಡಿದ್ದೀರಾ? ತಲೆ ಬೋಳಿಸಿದ ಹಾಗೆ ಬರೀ ಕಂಬ ನಿಂತಿರುತ್ತದೆ. ಹಿರಿಯೂರು ತಾಲ್ಲೂಕಿನಲ್ಲಿ ಆ ವರ್ಷಗಳಲ್ಲಿ ಇಂಥ ತೋಟಗಳು ಎಷ್ಟಾದರೂ ಇದ್ದವು. ಜನ ಕಡಿಸಿ ಮಾರಿಕೊಂಡರು, ಗುಳೆ ಹೋದರು, ಅಳುವವರು ಅತ್ತರು.

ಅಪ್ಪ ಮಾತ್ರ ಅಳಲಿಲ್ಲ. ಅವರ ಪ್ರಕಾರ ತೋಟಕ್ಕೆ ಏನೂ ಆಗಿರಲಿಲ್ಲ. "ಒಂದು ಮಳೆ ಹಿಡೀಲಿ, ಎಲ್ಲ ಚಿಗುರ್ತಾವೆ" ಅನ್ನುತ್ತಿದ್ದರು. ಮುಂಚಿನಂತೆಯೇ ಬೆಳಿಗ್ಗೆ ಎದ್ದು, ಹೆಗಲಿಗೆ ಟವೆಲು ಹಾಕಿಕೊಂಡು, ತೋಟಕ್ಕೆ ಹೋಗಿಬರುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ತಾರೀಖು ಹಾಕಿ ಕಾಯಿ ಲೆಕ್ಕ ಬರೆಯುತ್ತಿದ್ದರು. ಒಂದು ದಿನ ನಾನು ಆ ಪುಸ್ತಕ ತೆಗೆದು ನೋಡಿದೆ. 2015ರ ಪುಟದಲ್ಲಿ ಬರೆದ ಲೆಕ್ಕ 1995ರ ಲೆಕ್ಕದಂತೆಯೇ ಇತ್ತು. ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ.

ಕೊಳವೆಬಾವಿಯ ಕಥೆ ಬೇರೆ. ನೀರು ತೋರಿಸುವವನೊಬ್ಬ ಬಂದು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ತೋಟವೆಲ್ಲ ಸುತ್ತಿದ. ಆ ಕಾಯಿಯನ್ನೂ ಅಂಗಡಿಯಿಂದಲೇ ತರಬೇಕಾಯಿತು ಎಂದು ಅಣ್ಣ ಆಮೇಲೆ ಹೇಳಿ ನಕ್ಕ. ಮೊದಲನೆಯದು 450 ಅಡಿ, ಎರಡನೆಯದು 700, ಮೂರನೆಯದು 960. ಮೂರನೆಯದರಲ್ಲಿ ಒಂದು ವಾರ ನೀರು ಬಂದು ನಿಂತಿತು. ಅಮ್ಮನ ಕೈಯ ನಾಲ್ಕು ಬಳೆ, ಕೊರಳಿನ ಎರಡೆಳೆ ಸರ ಬ್ಯಾಂಕು ಸೇರಿದವು. ಅಣ್ಣನ ಮಗಳ ಕಾಲೇಜಿನ ಫೀಜಿಗೆಂದು ಇಟ್ಟಿದ್ದ ಹಣ ನೆಲದೊಳಗೆ ಹೋಯಿತು. ಆ ಹುಡುಗಿ ಇಂಜಿನಿಯರಿಂಗ್ ಬಿಟ್ಟು ಊರಲ್ಲೇ ಬಿ.ಕಾಂ. ಸೇರಿದಳು. "ಅವಳಿಗೆ ಲೆಕ್ಕ ಅಂದ್ರೆ ಇಷ್ಟ, ಅದಕ್ಕೇ ಸೇರಿದ್ಲು" ಎಂದು ನಾವೆಲ್ಲ ಹೇಳಿಕೊಂಡು ತಿರುಗಿದೆವು.

ಇಷ್ಟರ ನಡುವೆಯೂ ಮನೆಗೆ ಬಂದವರಿಗೆ ಎಳನೀರು ನಿಲ್ಲಲಿಲ್ಲ.

ಅದು ಎಲ್ಲಿಂದ ಬರುತ್ತಿತ್ತು ಎನ್ನುವಿರಾ? ನೆಂಟರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅತ್ತಿಗೆ ಹಿತ್ತಲ ಬಾಗಿಲಿನಿಂದ ಹುಡುಗನನ್ನು ಹೆದ್ದಾರಿಯ ಅಂಗಡಿಗೆ ಓಡಿಸುತ್ತಿದ್ದಳು. ಅವನು ಚೀಲದಲ್ಲಿ ತಂದದ್ದನ್ನು ಅಮ್ಮ ಹಿತ್ತಲಲ್ಲಿ ಕೆತ್ತಿ ಪಡಸಾಲೆಗೆ ತರುತ್ತಿದ್ದಳು. ನೆಂಟರು, "ಸಕ್ಕರೆ ಹಾಕಿದಂಗೈತೆ" ಅನ್ನುತ್ತಿದ್ದರು. ಅಪ್ಪ ಮೀಸೆ ತಿರುವಿ ಮಾರಿಕಣಿವೆಯ ನೀರನ್ನು ಹೊಗಳುತ್ತಿದ್ದರು. ನೆಂಟರಿಗೆ ಗೊತ್ತಿರಲಿಲ್ಲವೆ? ಅವರೂ ಅದೇ ದಾರಿಯಲ್ಲಿ, ಅದೇ ಒಣಗಿದ ತೋಟದ ಪಕ್ಕದಲ್ಲೇ ನಡೆದು ಬಂದವರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಇನ್ನೊಬ್ಬರ ಹುಳುಕು ಹೇಳುವಾಗ ನನ್ನದನ್ನು ಬಿಡಬಾರದು. ತವರಿನಿಂದ ವಾಪಸು ಹೊರಡುವಾಗ ಒಂದು ಚೀಲ ತೆಂಗಿನಕಾಯಿ ಕೊಂಡೊಯ್ಯುವುದು ನನ್ನ ಮೂವತ್ತು ವರ್ಷದ ಹೆಮ್ಮೆ. ಅತ್ತೆಯ ಮನೆಯ ಅಟ್ಟದ ಮೇಲೆ ನನ್ನ ತವರಿನ ಕಾಯಿ ಇರಬೇಕು. ಆ ಕಾಯಿಯಿಂದ ಒಬ್ಬಟ್ಟಿನ ಹೂರಣ ಆಗಬೇಕು. ಓರಗಿತ್ತಿ ಕೇಳಿಸಿಕೊಳ್ಳಬೇಕು. ತೋಟ ಒಣಗಿದ ಮೇಲೂ ನಾನು ಬಸ್ಸು ಹತ್ತುವ ಮುಂಚೆ ಪೇಟೆಯಲ್ಲಿ ಇಳಿದು, ನನ್ನ ದುಡ್ಡಿನಲ್ಲೇ ಇಪ್ಪತ್ತೈದು ಕಾಯಿ ಕೊಂಡು ಚೀಲಕ್ಕೆ ತುಂಬಿಸಿ, "ಅಪ್ಪ ಕೊಟ್ಟರು" ಎಂದು ಒಯ್ಯುತ್ತಿದ್ದೆ. ಆರು ವರ್ಷ ಹೀಗೆ ಮಾಡಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಮಗಳಿಗೆ ತವರು ಬತ್ತಬಾರದಲ್ಲ!

ಆ ದಿನಗಳಲ್ಲೇ ಒಂದು ರಾತ್ರಿ ಟಿ.ವಿ.ಯಲ್ಲಿ 'ಎರಡು ಕನಸು' ಹಾಕಿದ್ದರು. ವಾಣಿಯವರ ಕಾದಂಬರಿ, 1974ರ ಚಿತ್ರ. ರಾಜ್‌ಕುಮಾರ್ ಪಾತ್ರಕ್ಕೆ ಮದುವೆಯಾಗುವುದು ಒಬ್ಬಳ ಜೊತೆ, ಮನಸ್ಸು ಇರುವುದು ಇನ್ನೊಬ್ಬಳ ಮೇಲೆ. ಕೈಹಿಡಿದ ಹೆಂಡತಿ ಎದುರಿಗಿದ್ದರೂ ಅವನು ಅವಳನ್ನು ನೋಡುವುದಿಲ್ಲ, ಕಳೆದುಹೋದ ಕನಸಿನಲ್ಲೇ ಇರುತ್ತಾನೆ. ಅಮ್ಮ ಬತ್ತಿ ಹೊಸೆಯುತ್ತಾ ನೋಡುತ್ತಿದ್ದಳು. ನಡುವೆ ಒಮ್ಮೆ, "ಅವನು ಕನಸು ಕಾಣ್ತಾ ಕೂತ, ಸರಿ. ಅಷ್ಟೂ ದಿನ ಅವನಿಗೆ ಕಾಫಿ ಯಾರು ಕಾಸಿದ್ರು?" ಅಂದಳು. ನಾನೂ ಅತ್ತಿಗೆಯೂ ನಕ್ಕೆವು. ನಗು ನಿಂತ ಮೇಲೆ ಮೂವರೂ ಪಡಸಾಲೆಯ ಕಡೆ ನೋಡಿದೆವು. ಅಪ್ಪ ಅಲ್ಲಿ ಲೆಕ್ಕದ ಪುಸ್ತಕ ತೆರೆದುಕೊಂಡು ಕೂತಿದ್ದರು.

ಯಾರಾದರೂ ವಾಸ್ತವವನ್ನು ಬಿಟ್ಟು ಓಡಿದರು ಎನ್ನುವಾಗ ನಾವು ಅವರೊಬ್ಬರನ್ನೇ ನೋಡುತ್ತೇವೆ. ಸಂಸಾರದಲ್ಲಿ ಒಬ್ಬರೇ ಓಡಿಹೋಗಲು ಆಗುವುದಿಲ್ಲ. ಬಾಗಿಲು ಹಿಡಿದುಕೊಳ್ಳುವವರು ಇನ್ನೊಬ್ಬರು ಬೇಕು. ಹಿತ್ತಲಿನಿಂದ ಅಂಗಡಿಗೆ ಹುಡುಗನನ್ನು ಓಡಿಸುವವರು ಬೇಕು, ಬಳೆ ಬಿಚ್ಚಿಕೊಡುವವರು ಬೇಕು, ಬಂದವರೆದುರು ನಗುವವರು ಬೇಕು. ಹೆಚ್ಚಿನ ಮನೆಗಳಲ್ಲಿ ಈ ಕೆಲಸವೆಲ್ಲ ಹೆಂಗಸರ ಪಾಲಿನದು. ಅದನ್ನು ನಾವು ತಾಳ್ಮೆ ಎನ್ನುತ್ತೇವೆ, ಮರ್ಯಾದೆ ಎನ್ನುತ್ತೇವೆ, ಮನೆತನ ಎನ್ನುತ್ತೇವೆ. ಕಾವೇರಿಯ ಮನೆಯಲ್ಲಿ ಗಂಡನ ನಡತೆ ನೋಡಲು ಯಾರಿಗೂ ಧೈರ್ಯವಿರಲಿಲ್ಲ, ಅದಕ್ಕೇ ಹೆಂಡತಿಯನ್ನು ಹುಚ್ಚಿ ಎಂದರು. ಅಮ್ಮ ಅಂದು ಕತ್ತಲಲ್ಲಿ ಹೇಳಿದ ಮಾತಿನ ಅರ್ಥ ಇದು.

ಇನ್ನೊಂದು ವಿಚಿತ್ರ ನೋಡಿ. ಜೀವನವಿಡೀ ಸುಳ್ಳು ಕಥೆ ಓದಿದಳು ಎಂದು ಹೆಸರು ಹೊತ್ತವಳು ಅಮ್ಮ. ಬ್ಯಾಂಕಿನ ಸಾಲ ಎಷ್ಟು, ಬಡ್ಡಿ ಎಷ್ಟು, ಬಳೆ ಬಿಡಿಸಿಕೊಳ್ಳುವ ಕೊನೆಯ ತಾರೀಖು ಯಾವುದು ಎಂದು ಆ ಮನೆಯಲ್ಲಿ ಬಾಯಲ್ಲೇ ಹೇಳಬಲ್ಲವಳೂ ಅಮ್ಮನೇ. ಲೋಕ ಕಂಡವರು ಎಂದು ಹೆಸರಿದ್ದ ಅಪ್ಪ ಕಥೆಯೊಂದರಲ್ಲಿ ವಾಸವಾಗಿದ್ದರು. ಅಮ್ಮ ಕಾದಂಬರಿಯ ಒಳಗೆ ಹೋಗುತ್ತಿದ್ದಳು, ಸಾರು ಉಕ್ಕುವ ಹೊತ್ತಿಗೆ ಹೊರಗೆ ಬರುತ್ತಿದ್ದಳು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. ಮೂವತ್ತೈದು ತುಂಬುವ ಮುಂಚೆಯೇ, 1963ರಲ್ಲಿ ತೀರಿಹೋದರು. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಅವರು ನೋಡಲೇ ಇಲ್ಲ. ಆದರೆ ಹಿರಿಯೂರಿನ ಒಂದು ಅಡುಗೆಮನೆಯಲ್ಲಿ ಅವರು ಬರೆದದ್ದು ಕೆಲಸ ಮಾಡಿತ್ತು.

ಅದು ಗೊತ್ತಾದದ್ದು 2017ರ ಬೇಸಿಗೆಯಲ್ಲಿ. ಮಾರಿಕಣಿವೆ ಹಿಂದೆಂದೂ ಕಾಣದಂತೆ ತಳ ಕಾಣುತ್ತಿತ್ತು. ನಾನು ಊರಿಗೆ ಹೋಗಿದ್ದೆ. ಅಣ್ಣನ ಮಗಳನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ಬಂದವರು ಸ್ಥಿತಿವಂತರು. ಮಾತಿನ ನಡುವೆ ಅಪ್ಪ, "ತೋಟ ಐತೆ, ನೂರೆಂಬತ್ತು ಮರ. ಇನ್ನೊಂದು ಬೋರು ಹಾಕಿಸ್ತಾ ಇದ್ದೀನಿ" ಅಂದರು. ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಎಂದಿನಂತೆ ಹಿತ್ತಲ ಕಡೆ ತಿರುಗಿದಳು. ಅಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. ತಾನೇ ಐದು ಲೋಟ ಮಜ್ಜಿಗೆ ತಟ್ಟೆಯಲ್ಲಿಟ್ಟುಕೊಂಡು ಪಡಸಾಲೆಗೆ ಬಂದಳು.

"ಎಳನೀರು ಕೊಡೋದು ನಮ್ಮ ಮನೆ ಪದ್ಧತಿ. ಈಗ ಇಲ್ಲ. ಮರ ಒಣಗ್ಯಾವೆ. ಸಾಲ ಐತೆ. ಹುಡುಗಿ ಒಳ್ಳೆಯವಳು, ಬಿ.ಕಾಂ. ಮಾಡ್ಯಾಳೆ. ಇದ್ದದ್ದು ಇದ್ದಂಗೆ ಹೇಳಿದೀನಿ. ನೀವು ಯೋಚನೆ ಮಾಡಿ" ಅಂದಳು.

ಗೋಡೆ ಗಡಿಯಾರದ ಸದ್ದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ. ಅಪ್ಪ ಅಮ್ಮನನ್ನು ನೋಡಿದ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಕೋಪವಿತ್ತು. ಅದಕ್ಕಿಂತ ಹೆಚ್ಚಾಗಿ, ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಗಾಬರಿ ಇತ್ತು. ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋದರು. ಬಂದವರು ಮಜ್ಜಿಗೆ ಕುಡಿದು, ಮರ್ಯಾದೆಯಾಗಿಯೇ ಮಾತಾಡಿ ಹೊರಟರು. ಆ ಸಂಬಂಧ ಕೂಡಿಬರಲಿಲ್ಲ. ನಿಜ ಹೇಳಿದ್ದಕ್ಕೆ ಆ ಮನೆಯವರು ಮೆಚ್ಚಿ ಹೆಣ್ಣು ಒಪ್ಪಿಕೊಂಡರು ಎಂದು ಬರೆದರೆ ಸಿನಿಮಾ ಆಗುತ್ತದೆ.

ನಾನು ಅಮ್ಮನನ್ನು ಅಡುಗೆಮನೆಯಲ್ಲಿ ತರಾಟೆಗೆ ತೆಗೆದುಕೊಂಡೆ. "ಈ ವಯಸ್ಸಿನಲ್ಲಿ ಅಪ್ಪನಿಗೆ ಹೀಗೆ ಮಾಡಬಹುದಾ? ನಾಲ್ಕು ಜನದ ಎದುರಿಗೆ?" ಅಂದೆ. ಅಮ್ಮ ಲೋಟ ತೊಳೆಯುತ್ತಿದ್ದಳು. "ಐದು ವರ್ಷ ಒಳಗೇ ಹೇಳಿ ನೋಡಿದೆ. ಒಳಗೆ ಹೇಳಿದ್ದು ಅವರಿಗೆ ಕೇಳಿಸ್ತಿರಲಿಲ್ಲ. ಇನ್ನು ನನ್ನ ಕೈಯಲ್ಲಿ ಬಳೆ ಇಲ್ಲ, ಆ ಹುಡುಗೀದೇ ಉಳಿದಿರೋದು" ಅಂದಳು. ಆಗ ನಾನು ಬಾಯಿ ಮುಚ್ಚಿಕೊಂಡೆ.

ಅಪ್ಪ ಕತ್ತಲಾದ ಮೇಲೆ ಬಂದರು. ಊಟ ಬಡಿಸು ಎಂದಷ್ಟೇ ಹೇಳಿದರು. ಮಾರನೆಯ ದಿನ ಬೆಳಿಗ್ಗೆ ಅಣ್ಣನನ್ನು ಕರೆದುಕೊಂಡು ತೋಟಕ್ಕೆ ಹೋಗಿ, ಮರ ಮರಕ್ಕೂ ಕೈಯಿಟ್ಟು ಎಣಿಸಿದರು. ಬದುಕಿದ್ದವು ಇಪ್ಪತ್ತೇಳು. ಲೆಕ್ಕದ ಪುಸ್ತಕದಲ್ಲಿ ಆ ಪುಟದಲ್ಲಿ ಅಷ್ಟನ್ನೇ ಬರೆದಿದ್ದಾರೆ: ತಾರೀಖು, ಕೆಳಗೆ 27. ಅದಾದ ಮೇಲೆ ಬದುವಿನ ಮೇಲೆ ಕೂತು ಗಳಗಳನೆ ಅತ್ತರಂತೆ. ನಾನು ನೋಡಲಿಲ್ಲ, ಅಣ್ಣ ಹೇಳಿದ. ಒಣಗಿದ ಮರ ಕಡಿಸಿದರು. ಎರಡು ಎಕರೆ ಮಾರಿ ಸಾಲ ತೀರಿಸಿದರು. ಉಳಿದದ್ದರಲ್ಲಿ ರಾಗಿ, ತೊಗರಿ ಹಾಕಿದರು. ಅಮ್ಮನ ಬಳೆ ನಾಲ್ಕರಲ್ಲಿ ಎರಡು ವಾಪಸು ಬಂದವು. ಅಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸ ಹಿಡಿದಳು. ಮದುವೆ ತಡವಾಗಿ ಆಯಿತು, ಆದರೆ ಸಾಲವಿಲ್ಲದೆ ಆಯಿತು. ಅಪ್ಪ ಅಮ್ಮನ ಜೊತೆ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಏಳನೆಯ ತಿಂಗಳು ಒಂದು ದಿನ, "ಏನೋ ಓದ್ತಾ ಇದ್ದೀಯಲ್ಲ, ಸ್ವಲ್ಪ ಜೋರಾಗಿ ಓದು" ಅಂದರಂತೆ.

ನನ್ನ ಸರದಿ ಉಳಿದಿತ್ತಲ್ಲ. ಮುಂದಿನ ದೀಪಾವಳಿಗೆ ಬರಿಗೈಯಲ್ಲಿ ದಾವಣಗೆರೆಗೆ ಬಂದು, ಅತ್ತೆಯ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಅತ್ತೆ ಅಡಿಕೆ ಕತ್ತರಿಸುತ್ತಾ ಕೇಳಿ, "ಗೊತ್ತಿತ್ತು ಬಿಡು. ನಿಮ್ಮಪ್ಪ ಸುಲಿಸಿದ ಕಾಯಿಗೆ ಉದ್ದನೆಯ ಜುಟ್ಟಿರುತ್ತಿತ್ತು. ಅಂಗಡಿ ಕಾಯಿಗೆ ಅಷ್ಟು ಜುಟ್ಟು ಯಾರು ಬಿಡ್ತಾರೆ? ನಿನ್ನ ಮನಸ್ಸಿಗೆ ನೋವಾದೀತು ಅಂತ ಸುಮ್ಮನಿದ್ದೆ" ಅಂದರು. ಆರು ವರ್ಷ! ನಾನು ಅವರಿಂದ ಬಚ್ಚಿಟ್ಟೆ, ಅವರು ನನ್ನಿಂದ ಬಚ್ಚಿಟ್ಟರು. ನಡುವೆ ಬಡಪಾಯಿ ತೆಂಗಿನಕಾಯಿಗಳು ಹೂರಣವಾಗುತ್ತಾ ಹೋದವು.

ಅಪ್ಪ ತೀರಿಕೊಂಡದ್ದು 2020ರಲ್ಲಿ. ಇಲ್ಲಿಗೆ ನಿಲ್ಲಿಸಿದರೆ ಕಥೆಗೆ ಒಂದು ನೀತಿ ಸಿಗುತ್ತಿತ್ತು. ಆದರೆ 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ 89 ವರ್ಷದ ಮೇಲೆ ಅದೇ ಮೊದಲು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬಂತು, ಮಳೆಯೂ ಹುಯ್ಯಿತು. 130 ಅಡಿ ತುಂಬಿ ನೀರು ಹೊರಗೆ ಹಾರಿತು. ಜಿಲ್ಲೆಗೆ ಜಿಲ್ಲೆಯೇ ನೋಡಲು ಬಂತು. ನಾವೂ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಜನದ ನಡುವೆ ನಿಂತು ಆ ನೀರು ನೋಡಿದೆವು.

ನನಗೆ ದುಃಖ ಒತ್ತರಿಸಿ ಬಂತು. ಅಪ್ಪ ಹೇಳುತ್ತಲೇ ಇದ್ದರಲ್ಲ, ನೀರು ಬಂದೇ ಬರುತ್ತದೆ ಎಂದು. ಬಂತಲ್ಲ! ಹಾಗಾದರೆ ಅವರು ಕಂಡದ್ದು ಭ್ರಮೆಯೋ, ನಂಬಿಕೆಯೋ? ಅವರನ್ನು ಎಬ್ಬಿಸಿ ಹೊರಗೆ ತಂದ ನಾವೇ ತಪ್ಪು ಮಾಡಿದೆವೇನೋ? ಇದನ್ನೇ ಅಮ್ಮನಿಗೆ ಹೇಳಿದೆ.

ಅಮ್ಮ ತಕ್ಷಣ ಏನೂ ಹೇಳಲಿಲ್ಲ. ಸೆರಗಿನಿಂದ ಮುಖಕ್ಕೆ ಹಾರಿದ ಹನಿ ಒರೆಸಿಕೊಂಡಳು. "ನೀರು ಬರುತ್ತೆ ಅಂತ ನಂಬಿದ್ರಲ್ಲಿ ತಪ್ಪಿರಲಿಲ್ಲ ಕಣೆ. ನಾನೂ ನಂಬಿದ್ದೆ. ಮರ ಒಣಗಿಲ್ಲ ಅಂದ್ರಲ್ಲ, ಅದು ತಪ್ಪು. ಒಣಗೈತೆ ಅಂತ ಮೊದಲೇ ಅಂದಿದ್ರೆ ಆ ಎರಡು ಎಕರೆ ಉಳೀತಿತ್ತು. ಈ ನೀರಿಗೆ ಅದರಲ್ಲಿ ಸಸಿ ಇಡಬಹುದಿತ್ತು" ಅಂದಳು.

ಈಚೆಗೆ ಉಳಿದ ಜಮೀನಿನ ಅಂಚಿನಲ್ಲಿ ಅಣ್ಣ ಮೂವತ್ತು ತೆಂಗಿನ ಸಸಿ ಇಟ್ಟಿದ್ದಾನೆ. ಅವು ಫಲ ಬಿಡಲು ಇನ್ನೂ ಕಾಲವಿದೆ. ಹೋದ ತಿಂಗಳು ನಾನು ಊರಿಗೆ ಹೋದಾಗ ಅಮ್ಮ ಎಳನೀರು ಕೊಟ್ಟಳು. ಒಂದು ಗುಟುಕು ಕುಡಿದು, ಅಭ್ಯಾಸದ ಮೇಲೆ, "ಸಕ್ಕರೆ ಹಾಕಿದಂಗೈತೆ" ಅಂದೆ. ಪುಸ್ತಕದಿಂದ ತಲೆಯೆತ್ತದೆ ಅಮ್ಮ ಹೇಳಿದಳು:

"ಅಂಗಡೀದು. ನಲವತ್ತು ರೂಪಾಯಿ. ಪೂರ್ತಿ ಕುಡಿ."